ಅಕ್ಕನ ಪರವಾಗಿ

ಆ ಮನೆಯಲ್ಲಿ ಯಾರನ್ನು ಏನು ಕೇಳಿದರೂ ಉತ್ತರ ಬರುತ್ತಿದ್ದದ್ದು ಒಂದೇ ಬಾಯಿಂದ. ಕಣ್ಣಿನ ಡಾಕ್ಟರು ಮುದುಕಿಯನ್ನು ಕೂರಿಸಿ "ಅಮ್ಮಾ, ಈ ಸಾಲು ಕಾಣುತ್ತಾ?" ಅಂದರೆ, ಹಿಂದೆ ನಿಂತ ಮಗ "ಕಾಣಲ್ಲ ಸಾರ್" ಅನ್ನುತ್ತಿದ್ದ. ತರಕಾರಿ ಅಂಗಡಿಯವನು ಅವನ ಹೆಂಡತಿಯನ್ನು "ನೆಗಡಿ ಹೋಯ್ತಾ?" ಎಂದು ವಿಚಾರಿಸಿದರೆ, ಇವನು ಸ್ಕೂಟರಿನ ಮೇಲಿಂದಲೇ "ನೆಗಡಿ ಹೋಯ್ತು, ಕೆಮ್ಮು ಉಳ್ಕೊಂಡಿದೆ" ಎಂದು ವರದಿ ಒಪ್ಪಿಸುತ್ತಿದ್ದ. ಫ್ರಿಜ್ ರಿಪೇರಿ ಮಾಡುವ ಮನುಷ್ಯ. ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ. ಆದರೂ ಬೀದಿಯವರು ಅವನಿಗೆ ವಕೀಲ ಎಂದು ಹೆಸರಿಟ್ಟಿದ್ದರು. ಆ ಹೆಸರು ಅವನಿಗೆ ಒಳಗೊಳಗೇ ಇಷ್ಟವಿತ್ತು.

ಅವನನ್ನು ಬೈಯುವ ಮೊದಲು ಅವನ ಅಕ್ಕನ ಕಥೆ ತಿಳಿದಿರಬೇಕು. ಬಹಳ ವರ್ಷಗಳ ಹಿಂದೆ ಗಂಡ ಸತ್ತಾಗ ಅಕ್ಕನಿಗೆ ಎಚ್‌ಐವಿ ಇದೆ ಎಂದು ಗೊತ್ತಾಯಿತು. ಗಂಡನ ಮನೆಯವರು ಅವಳನ್ನೂ ಅವಳ ಪೆಟ್ಟಿಗೆಯನ್ನೂ ವರಾಂಡಕ್ಕೆ ತಂದು ಹಾಕಿದರು. ಸುದ್ದಿ ಕೇಳಿ ಹೋದ ತಮ್ಮ ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದ, ಅಕ್ಕನನ್ನು ಬೆನ್ನ ಮೇಲೆ ಹೊತ್ತ. ಆಸ್ಪತ್ರೆಯ ಮೆಟ್ಟಿಲುಗಳನ್ನೂ ಹಾಗೆಯೇ ಹತ್ತಿಸಿದ. ಆಗ ಅವಳಿಗೆ ಮಾತಾಡುವ ತ್ರಾಣವಿರಲಿಲ್ಲ, ಅವಳ ಪರವಾಗಿ ಅವನು ಮಾತಾಡಿದ. ಮಾತ್ರೆ ಶುರುವಾಯಿತು, ಮೈಗೆ ಮಾಂಸ ಬಂತು, ಅವಳು ಬೇಕರಿಯಲ್ಲಿ ಕೆಲಸಕ್ಕೆ ಸೇರಿದಳು, ಬೀದಿಗೆಲ್ಲ ಅಕ್ಕನಾದಳು. ಅವನು ಮಾತ್ರ ಅವಳ ಪರವಾಗಿ ಮಾತಾಡುವುದನ್ನು ಬಿಡಲಿಲ್ಲ.

ಈ ವರ್ಷ ಆಸ್ಪತ್ರೆಯವರು ಹೊಸ ಕ್ರಮ ತಂದರು. ತಿಂಗಳಿಗೊಮ್ಮೆ ಫೋನಿಗೆ ಪ್ರಶ್ನೆಗಳು ಬರುತ್ತವೆ. ಉತ್ತರ ನೋಡಿ, ತೊಂದರೆ ಇರುವವರನ್ನು ನರ್ಸು ಒಳಗೆ ಕರೆದು ಮಾತಾಡುತ್ತಾಳೆ. ತೊಂದರೆ ಇಲ್ಲದವರು ಕಿಟಕಿಯಲ್ಲಿ ಮಾತ್ರೆ ಇಸಿದುಕೊಂಡು ಮನೆಗೆ ಹೋಗಬಹುದು. ಅಕ್ಕನ ಚೀಟಿಯ ಮೇಲೆ ಮೊದಲಿನಿಂದಲೂ ಇದ್ದದ್ದು ತಮ್ಮನ ಫೋನ್ ನಂಬರು, ಅವಳಿಗೆ ಸ್ವಂತ ಫೋನಿರಲಿಲ್ಲ. ಹೀಗಾಗಿ ಪ್ರಶ್ನೆಗಳು ಬಂದದ್ದು ವಕೀಲನ ಜೇಬಿಗೆ.

ಭಾನುವಾರ ಮಧ್ಯಾಹ್ನ. ಎಲ್ಲರೂ ಊಟಕ್ಕೆ ಕೂತಿದ್ದರು. ವಕೀಲ ಎಡಗೈಯಲ್ಲಿ ಫೋನ್ ಹಿಡಿದು ಗಂಟಲು ಸರಿಮಾಡಿಕೊಂಡ.

"ಮೊದಲನೇ ಪ್ರಶ್ನೆ. ಕಳೆದ ಎರಡು ವಾರಗಳಲ್ಲಿ ನಿಮಗೆ ನಿದ್ದೆ ಹೇಗಿತ್ತು?"

ಅಕ್ಕ ಬೇಳೆಸಾರಿನ ಸೌಟು ಹಿಡಿದು ನಿಂತಿದ್ದಳು. ಬಾಯಿ ತೆರೆದಳು.

"ಚೆನ್ನಾಗಿತ್ತು," ಎಂದು ಅವನು ಒತ್ತಿದ. "ಊಟ ಆಗಿದ್ದೇ ತಡ, ಗೊರಕೆ ಹೊಡೀತಾಳೆ."

"ನೀನೂ ಹೊಡೀತೀಯ," ಎಂದಳು ಮುದುಕಿ.

"ಅಮ್ಮಾ, ಇದು ಆಸ್ಪತ್ರೆ ವಿಷಯ. ಎರಡನೇದು. ದಿನನಿತ್ಯದ ಕೆಲಸಗಳಲ್ಲಿ ಆಸಕ್ತಿ ಕಡಿಮೆಯಾಗಿದೆಯೇ?"

"ಪಾತ್ರೆ ತೊಳೆಯೋದ್ರಲ್ಲಿ ಯಾರಿಗಪ್ಪಾ ಆಸಕ್ತಿ ಇರುತ್ತೆ? ಹೌದು ಅಂತ ಹಾಕು."

"ನಿನ್ನನ್ನ ಕೇಳಿಲ್ಲಮ್ಮ."

"ನನ್ನನ್ನ ಯಾರು ಏನು ಕೇಳ್ತಾರೆ ಬಿಡು."

ವಕೀಲ 'ಇಲ್ಲ' ಒತ್ತಿದ. ಮನಸ್ಸು ಬಿಚ್ಚಿ ಮಾತಾಡಲು ಯಾರಾದರೂ ಇದ್ದಾರೆಯೇ ಎಂಬುದಕ್ಕೆ, "ಇಷ್ಟು ಜನ ಕಣ್ಣೆದುರಿಗೆ ಕೂತಿದೀವಲ್ಲ" ಎಂದು 'ಹೌದು' ಒತ್ತಿದ. ಮುಂದಿನದನ್ನು ಮನಸ್ಸಿನಲ್ಲೇ ಓದಿಕೊಂಡ, ಕಿವಿ ಕೆಂಪಾಯಿತು, "ಇದು ನಮಗೆ ಬೇಡ" ಎಂದು ದಾಟಿದ. ಅವನ ಮಗಳು, ಹೈಸ್ಕೂಲಿಗೆ ಹೋಗುವ ಗುಬ್ಬಿ, ನಗು ತಡೆಯಲು ನೀರು ಕುಡಿದಳು.

"ಇದು ಮುಖ್ಯವಾದದ್ದು. ಯಾವ ದಿನವಾದರೂ ಮಾತ್ರೆ ತಪ್ಪಿದೆಯೇ?" ಅವನು ಎದೆಯುಬ್ಬಿಸಿ ಎಲ್ಲರನ್ನೂ ನೋಡಿದ. "ಗಡಿಯಾರ ತಪ್ಪೀತು, ನಮ್ಮಕ್ಕ ತಪ್ಪಲ್ಲ. ಇಲ್ಲ."

ಅಕ್ಕನ ಸೌಟು ಅಮ್ಮನ ತಟ್ಟೆಯ ಮೇಲೆ ಬಗ್ಗಿತು. ಸಾರು ಅನ್ನ ದಾಟಿ ಅಂಚಿನವರೆಗೆ ಹರಿಯಿತು. "ಸಾಕೇ, ಸಾಕೇ, ಈಜು ಹೊಡೀಬೇಕಾ ನಾನು?" ಎಂದಳು ಮುದುಕಿ.

ಕೊನೆಗೆ ಉತ್ತರಿಸಿದವರು ಯಾರು ಎಂದು ಕೇಳಿತ್ತು: ಸ್ವತಃ, ಅಥವಾ ಬೇರೆಯವರು. ವಕೀಲ ಯೋಚನೆಯನ್ನೇ ಮಾಡದೆ 'ಸ್ವತಃ' ಒತ್ತಿದ.

"ಅಪ್ಪಾ, ಅದು ಸುಳ್ಳಲ್ವಾ?" ಎಂದಳು ಗುಬ್ಬಿ.

"ಯಾಕೆ ಸುಳ್ಳು? ನಾವೇನು ಅವಳಿಗೆ ಬೇರೆಯವರಾ?"

ಊಟ ಮುಂದುವರಿಯಿತು.

ಆ ವಾರ ಆಸ್ಪತ್ರೆಯಲ್ಲಿ ಕೆಲಸ ಕ್ಷಣದಲ್ಲಿ ಮುಗಿಯಿತು. ಕೌಂಟರಿನವನು ಪರದೆ ನೋಡಿ, "ನಿಮ್ಮದು ಎಲ್ಲಾ ಚೆನ್ನಾಗಿದೆಯಮ್ಮ, ಕಿಟಕಿಗೆ ಹೋಗಿ" ಅಂದ. ವಕೀಲ ಪರೀಕ್ಷೆಯಲ್ಲಿ ಪಾಸಾದವನಂತೆ ನಕ್ಕ. ಅರ್ಧ ತೆರೆದ ಬಾಗಿಲಿನೊಳಗೆ ನರ್ಸು ಬೇರೆ ಯಾರ ಜೊತೆಗೋ ತಲೆ ತಗ್ಗಿಸಿ ಮಾತಾಡುತ್ತಿದ್ದಳು. ಅಕ್ಕ ಒಂದು ಗಳಿಗೆ ಅಲ್ಲೇ ನಿಂತಳು. ಅವತ್ತು ಅವಳು ಒಂದು ಮಾತನ್ನು ಬಸ್ಸಿನ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು.

"ನಡಿ ಅಕ್ಕ. ನೋಡು, ಮೊದಲೆಲ್ಲ ಅರ್ಧ ದಿನ ಕಾಯ್ತಿದ್ವಿ."

"ಹೂಂ," ಎಂದಳು ಅಕ್ಕ.

ಅವಳು ಹೇಳಬೇಕೆಂದಿದ್ದ ಮಾತು ಇದು. ಚಳಿಗಾಲದಲ್ಲಿ ವಕೀಲ ಯಾರದೋ ಮನೆಯ ಫ್ರಿಜ್ ಇಳಿಸುವಾಗ ಮೆಟ್ಟಿಲಲ್ಲಿ ಜಾರಿ ಮಂಡಿ ಮುರಿದುಕೊಂಡಿದ್ದ. ಭಾರ ಎತ್ತಬಾರದು ಎಂದರು ಡಾಕ್ಟರು. ಭಾರ ಎತ್ತದೆ ಫ್ರಿಜ್ ರಿಪೇರಿ ಎಷ್ಟು ಮಾಡಿಯಾನು? ಮನೆಗೆ ಬರುವ ದುಡ್ಡು ಇಳಿಯಿತು. ಅವನ ಹೆಂಡತಿ ಬೀದಿಯ ಬಟ್ಟೆಗಳನ್ನೆಲ್ಲ ತಂದು ಮನೆಯಲ್ಲೇ ಇಸ್ತ್ರಿ ಮಾಡಲು ಶುರು ಮಾಡಿದಳು. ಅಕ್ಕ ಬೇಕರಿಯಲ್ಲಿ ಹಗಲಿನ ಪಾಳಿ ಬಿಟ್ಟು ನಸುಕಿನ ಪಾಳಿ ಹಿಡಿದಳು. ಅದಕ್ಕೆ ಕೂಲಿ ಹೆಚ್ಚು. ಮನೆಯಲ್ಲಿ "ನಸುಕಲ್ಲಿ ತಂಪಾಗಿರುತ್ತೆ" ಅಂದಳು. ಉರಿಯುವ ಓವನ್ ಮುಂದೆ ಎಲ್ಲಿಯ ತಂಪು ಎಂದು ಯಾರೂ ಕೇಳಲಿಲ್ಲ.

ಅವಳ ಮಾತ್ರೆ ಮಲಗುವಾಗ ನುಂಗುವಂಥದು. ನುಂಗಿದ ಮೇಲೆ ತಲೆ ಒಂಥರಾ ತೇಲುತ್ತಿತ್ತು, ಬಣ್ಣಬಣ್ಣದ ಕನಸು ಬೀಳುತ್ತಿತ್ತು. ಬೆಳಕು ಹರಿಯುವವರೆಗೆ ಮಲಗಿದ್ದಾಗ ಅದರಿಂದ ತೊಂದರೆಯಿರಲಿಲ್ಲ. ಈಗ ಅರ್ಧ ನಿದ್ದೆಯಲ್ಲಿ ಎದ್ದು ಹೋದರೆ ಹಿಟ್ಟಿನ ಮೂಟೆ ಎರಡೆರಡಾಗಿ ಕಾಣುತ್ತಿತ್ತು. ಒಂದು ದಿನ ಓವನ್ನಿನಿಂದ ಟ್ರೇ ಎಳೆಯುವಾಗ ನೆಲ ವಾಲಿದಂತಾಗಿ ಬನ್ನುಗಳೆಲ್ಲ ಕೆಳಗೆ ಬಿದ್ದವು. ಮಾಲೀಕ, "ವಯಸ್ಸಾಯ್ತೇನಕ್ಕ?" ಎಂದ. ಮತ್ತೊಮ್ಮೆ ಹಾಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತಾನೆಂದು ಅವಳಿಗೆ ಗೊತ್ತಿತ್ತು. ಅಂದಿನಿಂದ ನಸುಕಿನ ಪಾಳಿಯ ಹಿಂದಿನ ರಾತ್ರಿ ಅವಳು ಮಾತ್ರೆ ನುಂಗುತ್ತಿರಲಿಲ್ಲ. ವಾರದ ರಜೆಗೆ ಮುಂಚೆ ನುಂಗುತ್ತಿದ್ದಳು, ಮೈ ತುಸು ಹೆಚ್ಚು ದಣಿದಂತೆ ಕಂಡರೆ ಮಧ್ಯೆ ಇನ್ನೊಂದು. ತಪ್ಪೆಂದು ಗೊತ್ತಿತ್ತು. ವರ್ಷಗಟ್ಟಲೆ ನರ್ಸು ಅದನ್ನೇ ಹೇಳಿದ್ದಳು: ಮಾತ್ರೆ ಬಿಟ್ಟರೆ ಕಾಯಿಲೆ ಬಾಗಿಲು ನೂಕಿಕೊಂಡು ಬರುತ್ತೆ, ಆಮೇಲೆ ಅದೇ ಮಾತ್ರೆಗೆ ಅದು ಬಗ್ಗುವುದಿಲ್ಲ.

ಬಾಯೊಳಗಿನ ಬಿಸಿ ತುಪ್ಪ, ಉಗುಳಲೂ ಆಗದು, ನುಂಗಲೂ ಆಗದು.

ಮೊದಲು ಗೊತ್ತಾದದ್ದು ವಕೀಲನ ಹೆಂಡತಿಗೆ. ಒಂದು ಸಂಜೆ ಅಕ್ಕ ಒಗೆದ ಬಟ್ಟೆ ಮಡಚುತ್ತ ಕೂತಿದ್ದಾಗ ರವಿಕೆಯ ಉದ್ದ ತೋಳು ಮೇಲೆ ಸರಿಯಿತು. ಮೊಣಕೈ ಕೆಳಗೆ ಉದ್ದಕ್ಕೆ ಕಂದು ಗೀರು.

"ಅತ್ತಿಗೆ, ಏನಿದು?"

"ಇಸ್ತ್ರಿ ಪೆಟ್ಟಿಗೆ ತಾಗ್ತು."

"ದಿನಾ ಇಸ್ತ್ರಿ ಮಾಡೋಳು ನಾನು. ಪೆಟ್ಟಿಗೆ ಸುಟ್ಟರೆ ಹೇಗೆ ಸುಡುತ್ತೆ ಅಂತ ನನಗೆ ಹೇಳಿಕೊಡ್ತೀರಾ? ಇದು ಟ್ರೇ ಅಂಚು."

ಅಕ್ಕ ತೋಳು ಕೆಳಗೆಳೆದುಕೊಂಡಳು. ಆಮೇಲೆ ಎಲ್ಲ ಹೇಳಿದಳು. ಹೆಂಡತಿ ಕೈಯಲ್ಲಿದ್ದ ಅಂಗಿಯನ್ನು ಕೆಳಗಿಟ್ಟಳು.

"ಇವರಿಗೆ ಹೇಳೋಣ."

"ಹೇಳಿದ್ರೆ ಏನು ಮಾಡ್ತಾನೆ? ಕುಂಟ್ಕೊಂಡು ಬೇಕರಿಗೆ ಹೋಗಿ ನನ್ನ ಪರವಾಗಿ ವಾದ ಮಾಡ್ತಾನೆ. ಅಲ್ಲಿ ಯಾರಿಗೂ ನನ್ನ ಕಾಯಿಲೆ ಗೊತ್ತಿಲ್ಲ. ಇಲ್ಲಾಂದ್ರೆ ನಾಳೆನೇ ಹೋಗಿ ಫ್ರಿಜ್ ಹೊರ್ತಾನೆ."

"ಹಾಗಾದ್ರೆ ನರ್ಸಿಗೆ ಹೇಳಿ."

"ಮುಂಚೆ ಒಂದ್ಸಲ ಹೇಳೋಕೆ ಹೋದೆ ಕಣೇ. ಆ ಹುಡುಗಿ ನಗ್ತಾ, 'ಎಲ್ಲಾರಿಗೂ ನಿಮ್ಮನ್ನೇ ತೋರಿಸ್ತೀನಿ ಅಕ್ಕಾ, ನೀವು ತಪ್ಪಿಸೋರೇ ಅಲ್ಲ' ಅಂದಳು. ಆ ಮುಖ ನೋಡ್ಕೊಂಡು ಹೇಗೆ ಹೇಳ್ಲಿ? ಇಲ್ಲಮ್ಮ ತಪ್ಪಿಲ್ಲ ಅಂದೆ." ಅಕ್ಕ ಟವಲನ್ನು ಮತ್ತೆ ಬಿಚ್ಚಿ ಮತ್ತೆ ಮಡಚಿದಳು. "ಫೋನಿಗಾದ್ರೆ ಹೇಳ್ಬಹುದು ಅನ್ಸುತ್ತೆ. ಅದಕ್ಕೆ ಮುಖ ಇಲ್ಲ. ಬೇಜಾರು ಮಾಡ್ಕೊಳಲ್ಲ."

"ಫೋನು ಇವರ ಹತ್ರ ಇದೆಯಲ್ಲ."

"ಅದೇ ಮತ್ತೆ."

ಮುಂದಿನ ಪ್ರಶ್ನೆಗಳು ಬಂದಾಗ ತಾನೇ ಉತ್ತರಿಸುತ್ತೇನೆಂದು ಅಕ್ಕ ತೀರ್ಮಾನ ಮಾಡಿದಳು. ನಾದಿನಿ ಅತ್ತಿಗೆಯರು ಗುಟ್ಟಾಗಿ ಮಾತಾಡುವುದನ್ನು ಕಂಡು ಮುದುಕಿ, "ಏನು, ನನ್ನನ್ನ ಎಲ್ಲಿಗೆ ಕಳಿಸೋ ಯೋಚನೆ?" ಎಂದು ಕೇಳಿದಳು. ಸೊಸೆ, "ಎಲ್ಲಿಗೆ ಕಳಿಸಿದ್ರೂ ವಾಪಸ್ ಕಳಿಸ್ತಾರೆ ಅತ್ತೆ" ಅಂದಳು. ಮುದುಕಿಗೆ ಸಮಾಧಾನವಾಯಿತು.

ದಿನಗಳು ಕಳೆದವು. ಒಂದು ಸಂಜೆ ಅಕ್ಕ ಬೇಕರಿಯಿಂದ ಉಳಿದ ಬ್ರೆಡ್ ತಂದಿದ್ದಳು. ವಕೀಲ ಅದಕ್ಕೆ ಬೆಣ್ಣೆ ಸವರುತ್ತಿದ್ದ.

"ಆಸ್ಪತ್ರೆ ಪ್ರಶ್ನೆ ಬಂದಿಲ್ವಾ ಇನ್ನೂ?" ಎಂದಳು ಅಕ್ಕ.

"ಬಂದಿತ್ತು. ಬೆಳಗ್ಗೆನೇ ಅಂಗಡೀಲಿ ಕೂತು ತುಂಬಿ ಕಳಿಸ್ದೆ. ಎಲ್ಲಾ ಫಸ್ಟ್ ಕ್ಲಾಸ್."

"ನನ್ನನ್ನ ಕೇಳದೇನೇ?"

"ನಿನ್ನನ್ನ ಏನು ಕೇಳೋದು? ನಿನ್ನ ವಿಷಯ ನನಗೆ ಗೊತ್ತಿಲ್ವಾ?"

"ಏನು ಗೊತ್ತು ನಿನಗೆ?"

ಅಕ್ಕನ ದನಿ ಆ ಮನೆಯಲ್ಲಿ ಅಷ್ಟು ಏರಿದ್ದು ಯಾರಿಗೂ ನೆನಪಿಲ್ಲ. ಗುಬ್ಬಿ ಪುಸ್ತಕ ಮುಚ್ಚಿದಳು.

"ನನಗೆ ನಿದ್ದೆ ಬಂತೋ ಇಲ್ವೋ ನಿನಗೇನು ಗೊತ್ತು? ತಲೆ ಸುತ್ತಿದ್ದು ನಿನಗೆ ಗೊತ್ತಾ? ಮೈ ನಂದು, ಕಾಯಿಲೆ ನಂದು, ಮಾತ್ರೆ ನುಂಗೋ ಗಂಟಲು ನಂದು. ಉತ್ತರ ಮಾತ್ರ ನಿಂದು."

"ಸಹಾಯ ಮಾಡಿದ್ದೇ ತಪ್ಪಾಯ್ತು ಅನ್ನು." ವಕೀಲ ಚಾಕು ಕೆಳಗಿಟ್ಟ. "ಅವತ್ತು ವರಾಂಡದಲ್ಲಿ ಬಿದ್ದಿದ್ದಾಗ ಯಾರು ಬಂದ್ರು? ಬೆನ್ನ ಮೇಲೆ ಹೊತ್ಕೊಂಡು ಬಂದವನು ಯಾರು?"

"ರೀ, ಆ ಮಾತು ಬೇಡ," ಎಂದಳು ಹೆಂಡತಿ.

"ಹೇಳ್ಲಿ ಬಿಡು," ಎಂದಳು ಅಕ್ಕ. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ನೀನೇ ಹೊತ್ಕೊಂಡು ಬಂದೆ. ಸಾಯೋವರೆಗೂ ಮರೆಯಲ್ಲ. ಆದ್ರೆ ಕೆಳಗೆ ಇಳಿಸೋದು ಯಾವಾಗಪ್ಪ?"

ವಕೀಲ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಬೆಣ್ಣೆ ಸವರಿದ ಬ್ರೆಡ್ಡನ್ನು ಮುದುಕಿ ತನ್ನ ಕಡೆಗೆ ಎಳೆದುಕೊಂಡು, "ಸಿಟ್ಟು ಅವನದು, ಬ್ರೆಡ್ಡೇನು ತಪ್ಪು ಮಾಡಿದೆ" ಅಂದಳು. ಯಾರೂ ನಗಲಿಲ್ಲ. ಅವಳೂ ಅರ್ಧ ತಿಂದು ಬಿಟ್ಟಳು.

ಮಾರನೆಯ ದಿನ ಪಾಳಿ ಮುಗಿಸಿ ಅಕ್ಕ ಒಬ್ಬಳೇ ಆಸ್ಪತ್ರೆಗೆ ಹೋದಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ. ಕೌಂಟರಿನವನು ಪರದೆ ನೋಡಿ, "ಎಲ್ಲಾ ಚೆನ್ನಾಗಿದೆಯಮ್ಮ, ಕಿಟಕಿಗೆ ಹೋಗಿ" ಎಂದ.

"ಚೆನ್ನಾಗಿರೋದು ನನ್ನ ತಮ್ಮ. ನನ್ನ ಉತ್ತರ ಇನ್ನೂ ಕೊಟ್ಟಿಲ್ಲ."

ಅವನು ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಮೂಲೆಯ ಬೆಂಚು ತೋರಿಸಿ, ಸ್ಲೇಟಿನಷ್ಟು ಅಗಲದ ಒಂದು ಪರದೆಯನ್ನು ಕೈಗೆ ಕೊಟ್ಟ. ಬೆಂಚಿನ ಮೇಲೆ ಒಬ್ಬ ಲಾರಿ ಡ್ರೈವರ್ ಕೂತಿದ್ದ.

"ಅದರ ಹತ್ರ ಹೇಳಿ ಏನು ಪ್ರಯೋಜನ ಅಕ್ಕ?" ಎಂದ ಅವನು. "ದುಃಖ ಇದೆಯಾ ಅಂತ ಕೇಳ್ತು. ಇದೆ ಅಂತ ಒತ್ತಿದೆ. ಧನ್ಯವಾದಗಳು ಅಂತು."

"ಬೈಯಲಿಲ್ಲ ತಾನೆ?"

"ಇಲ್ಲ."

"ನನಗೆ ಅಷ್ಟೇ ಸಾಕು," ಎಂದು ಅಕ್ಕ ಪರದೆಯನ್ನು ಅವನಿಗೆ ಕಾಣದಂತೆ ವಾಲಿಸಿಕೊಂಡಳು.

ಮೊದಲು ಪರದೆ ಅವಳ ಬೆರಳಿಗೆ ಓಗೊಡಲಿಲ್ಲ. ಓವನ್ನಿನ ಕಾವಿಗೆ ಒಣಗಿ ದಪ್ಪಗಾಗಿದ್ದ ಬೆರಳು. ಒತ್ತಿದರೆ ಗಾಜಿಗೆ ಗೊತ್ತೇ ಆಗುತ್ತಿರಲಿಲ್ಲ. ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಸೆರಗಿಗೆ ಒರೆಸಿ, ಮತ್ತೆ ಒತ್ತಿದಳು. ನಿದ್ದೆ: ಸರಿಯಾಗಿ ಬಂದಿಲ್ಲ. ಮಾತಾಡಲು ಯಾರಾದರೂ ಇದ್ದಾರೆಯೇ: ಇಲ್ಲಿ ಅವಳಿಗೆ ತಮ್ಮನ ಹೆಂಡತಿಯ ಕೈಯಿಂದ ಕೆಳಗಿಳಿದ ಅಂಗಿ ನೆನಪಾಯಿತು, ಹೌದು. ತಮ್ಮ ದಾಟಿಸಿದ ಪ್ರಶ್ನೆಯನ್ನು ಓದಿದಳು. ಗಂಡುಹೆಣ್ಣಿನ ವಿಷಯ. ಇಷ್ಟು ವರ್ಷಗಳಲ್ಲಿ ಯಾರೂ ಅವಳನ್ನು ಇದನ್ನು ಕೇಳಿರಲಿಲ್ಲ. ನಗು ಬಂತು, ಆಮೇಲೆ ನಗು ಹೋಯಿತು. ಅದಕ್ಕೂ ನಿಜವನ್ನೇ ಒತ್ತಿದಳು. ಮಾತ್ರೆ ತಪ್ಪಿದೆಯೇ? ಹೌದು. ಎಷ್ಟು ಸಲ? ಬಹಳ ಸಲ. ಏಕೆ? ತಲೆಸುತ್ತು, ಕೆಲಸದ ಹೊತ್ತು. ಪರದೆ ಹುಬ್ಬು ಗಂಟಿಕ್ಕಲಿಲ್ಲ. ಮುಂದಿನ ಪ್ರಶ್ನೆ ಕೇಳಿತು.

ಉತ್ತರಿಸಿದವರು ಯಾರು ಎಂಬಲ್ಲಿಗೆ ಬಂದಾಗ ಅವಳು ಬೆರಳನ್ನು ಇನ್ನೊಮ್ಮೆ ಒದ್ದೆ ಮಾಡಿಕೊಂಡು, ಗಟ್ಟಿಯಾಗಿ 'ಸ್ವತಃ' ಒತ್ತಿದಳು.

ನರ್ಸು ಹೊರಗೆ ಬಂದು ಕರೆದಳು. ಒಳಗೆ ಬಾಗಿಲು ಹಾಕಿ, ಎದುರಿನದನ್ನು ಬಿಟ್ಟು ಪಕ್ಕದ ಕುರ್ಚಿಯಲ್ಲಿ ಕೂತಳು.

"ಯಾಕಕ್ಕ ನನಗೆ ಹೇಳ್ಲಿಲ್ಲ?"

"ನಿಮ್ಮ ಮುಖ ನೋಡ್ಕೊಂಡು ಹೇಳೋಕಾಗ್ಲಿಲ್ಲ ಸಿಸ್ಟರ್. ನೀವು ಹೊಗಳಿಬಿಟ್ರಿ."

ನರ್ಸು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ಹಾಗಾದ್ರೆ ತಪ್ಪು ನಂದೂ ಇದೆ," ಎಂದಳು. ರಕ್ತ ತೆಗೆಸಿದಳು, ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಹಳೆಯ ವರದಿಗಳನ್ನೆಲ್ಲ ನೋಡಿ, ಬೇರೆ ಮಾತ್ರೆ ಬರೆದರು. ಇದಕ್ಕೆ ತಲೆ ತೇಲುವುದಿಲ್ಲ, ಪಾಳಿ ಮುಗಿಸಿ ಬಂದು ತಿಂಡಿ ಜೊತೆಗೆ ನುಂಗಬಹುದು, ಆದರೆ ಒಂದು ದಿನವೂ ಬಿಡುವಂತಿಲ್ಲ. ರಕ್ತದ ವರದಿ ಬರುವವರೆಗೆ ಏನೂ ಹೇಳಲಾಗದು ಎಂದರು. ಇಂಥ ಮಾತ್ರೆ ಬಂದು ಎಷ್ಟು ದಿನವಾಯಿತೆಂದು ಅಕ್ಕ ಕೇಳಿದಳು. ಬಹಳ ದಿನವಾಯಿತು, ಹಳೆಯದು ಒಗ್ಗಿದವರಿಗೆ ಬದಲಾಯಿಸಿರಲಿಲ್ಲ, ನೀವು ತೊಂದರೆ ಇಲ್ಲ ಅಂತಿದ್ದಿರಿ ಅಂದರು ಡಾಕ್ಟರು.

ಹೊರಡುವಾಗ ನರ್ಸು ಅವಳದೇ ಒಂದು ಫೋನ್ ನಂಬರು ಕೇಳಿದಳು.

ಮನೆಗೆ ಬಂದಾಗ ವಕೀಲ ಜಗಲಿಯ ಮೇಲೆ ಮಂಡಿಗೆ ಎಣ್ಣೆ ಹಚ್ಚುತ್ತಾ ಕೂತಿದ್ದ. ಅಕ್ಕ ಪಕ್ಕದಲ್ಲಿ ಕೂತು ಒಂದನ್ನೂ ಬಿಡದೆ ಹೇಳಿದಳು. ತಲೆಸುತ್ತು, ಟ್ರೇ, ಬಿಟ್ಟ ಮಾತ್ರೆಗಳು. ಅವನು ಕೇಳುತ್ತಾ ಕೇಳುತ್ತಾ ಎಣ್ಣೆ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದ.

"ನನ್ನ ಮಂಡಿಗೋಸ್ಕರ ಆ ಪಾಳಿ ಹಿಡಿದೆಯಾ?"

"ಹೌದು."

"ನಾನು ಇಲ್ಲ ಇಲ್ಲ ಅಂತ ಒತ್ತಿ ಕಳಿಸ್ತಿದ್ದೆ."

"ಹೌದು."

ವಕೀಲ ವಾದ ಮಾಡಲಿಲ್ಲ. ಅಕ್ಕ ಅವನ ಕೈಯಿಂದ ಬಾಟಲಿ ತೆಗೆದುಕೊಂಡು ಮುಚ್ಚಳ ಸರಿಯಾಗಿ ಹಾಕಿ ಒಳಗಿಟ್ಟಳು.

ವರದಿ ಬರುವವರೆಗಿನ ದಿನಗಳಲ್ಲಿ ಆ ಮನೆ ಅಷ್ಟು ನಿಶ್ಶಬ್ದವಾಗಿದ್ದು ಬೀದಿಯವರಿಗೂ ತಿಳಿಯಿತು. ತರಕಾರಿ ಅಂಗಡಿಯವನು ಏನೋ ಕೇಳಿದರೆ ವಕೀಲ ಹೆಂಡತಿಯ ಕಡೆ ನೋಡುತ್ತಿದ್ದ. ಹೆಂಡತಿ ತನ್ನ ಹಳೆಯ ಫೋನನ್ನು ಅಕ್ಕನಿಗೆ ಕೊಟ್ಟಳು, ಗುಬ್ಬಿ ಅಕ್ಷರಗಳನ್ನು ದೊಡ್ಡದು ಮಾಡಿ ಕೊಟ್ಟಳು. ವರದಿ ಬಂತು: ಕಾಯಿಲೆ ತಲೆ ಎತ್ತಿತ್ತು, ಆದರೆ ಕೈಮೀರಿರಲಿಲ್ಲ. ಹೊಸ ಮಾತ್ರೆ ಹಿಡಿಯುತ್ತದೆ, ಮತ್ತೆ ನೋಡೋಣ ಎಂದರು. ಅಕ್ಕ ದಿನಾ ತಿಂಡಿಯ ತಟ್ಟೆಯಲ್ಲೇ ಮಾತ್ರೆ ಇಟ್ಟುಕೊಂಡು ಎಲ್ಲರೆದುರಿಗೆ ನುಂಗತೊಡಗಿದಳು. ವಕೀಲ ನೋಡಿಯೂ ನೋಡದಂತೆ ಚಹಾ ಕುಡಿಯುತ್ತಿದ್ದ. ಮುಂದಿನ ತಪಾಸಣೆಯಲ್ಲಿ ಕಾಯಿಲೆ ಇಳಿದಿತ್ತು. ಆ ದಿನ ಮುದುಕಿ ತಾನೇ ಒಲೆ ಮುಂದೆ ನಿಂತು ಎಲ್ಲರಿಗೂ ಮೊಟ್ಟೆ ಹುರಿದಳು, ಉಪ್ಪು ಜಾಸ್ತಿಯಾಯಿತು, ಎಲ್ಲರೂ ತಿಂದರು.

ಅದೇ ವಾರದ ಭಾನುವಾರ, ಊಟದ ಹೊತ್ತಿಗೆ, ಅಕ್ಕನ ಫೋನು ಸದ್ದು ಮಾಡಿತು. ಅವಳು ಕೈ ತೊಳೆದು ಬಂದು, ಗೋಡೆಗೆ ಒರಗಿ ಕೂತು, ತುಟಿ ಅಲ್ಲಾಡಿಸುತ್ತಾ ಓದತೊಡಗಿದಳು. ವಕೀಲ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಏನು ಕೇಳಿದ್ದಾರೆಂದು ಅವನು ಕೇಳಲಿಲ್ಲ. ಎಷ್ಟು ಕಷ್ಟಪಟ್ಟು ಕೇಳಲಿಲ್ಲವೆಂಬುದು ಮುಖದಲ್ಲೇ ಕಾಣುತ್ತಿತ್ತು.

ಅಕ್ಕ ಎಲ್ಲ ಒತ್ತಿ ಕಳಿಸಿದಳು. ಆಮೇಲೆ ತಮ್ಮನನ್ನು ಸ್ವಲ್ಪ ಹೊತ್ತು ನೋಡಿದಳು. ಅವನ ಕಣ್ಣ ಕೆಳಗೆ ಕಪ್ಪಾಗಿತ್ತು. ಯಾವಾಗಿನಿಂದ ಹಾಗಿತ್ತೋ ಅವಳಿಗೆ ತಿಳಿಯದು.

"ಕಳೆದ ಎರಡು ವಾರಗಳಲ್ಲಿ ನಿನಗೆ ನಿದ್ದೆ ಹೇಗಿತ್ತು?" ಎಂದಳು.

"ಆಗಲೇ ಕಳಿಸಿದೆಯಲ್ಲ. ನಿನಗೆ ಚೆನ್ನಾಗಿ..."

"ನನಗಲ್ಲ. ನಿನಗೆ."

"ಅವನಿಗೇನು ಧಾಡಿ, ಮಲಗಿದರೆ ಕುಂಭಕರ್ಣ," ಎಂದು ಮುದುಕಿ ಶುರು ಮಾಡಿದಳು. ಸೊಸೆ ಮೆಲ್ಲಗೆ ಅವಳ ಕೈ ಮುಟ್ಟಿದಳು. "ಅತ್ತೆ, ಅವರೇ ಹೇಳ್ಲಿ."

ಎಲ್ಲರೂ ಕಾದರು. ಗುಬ್ಬಿ ಚಮಚ ಕೆಳಗಿಟ್ಟಳು. ಊರಿಗೆಲ್ಲ ಉತ್ತರ ಕೊಡುತ್ತಿದ್ದವನು ತಟ್ಟೆಯಲ್ಲಿ ಉಳಿದ ಅನ್ನವನ್ನು ಬೆರಳಿನಿಂದ ಒಂದು ಕಡೆಗೆ ಸರಿಸಿದ, ಮತ್ತೆ ಇನ್ನೊಂದು ಕಡೆಗೆ ಸರಿಸಿದ.

"ಬಂದಿಲ್ಲ ಅಕ್ಕ," ಎಂದ. "ಮಂಡಿ ಮುರಿದಾಗಿಂದ ಬಂದಿಲ್ಲ."

ಅಕ್ಕ ಅವನ ಹತ್ತಿರಕ್ಕೆ ಸರಿದು ಕೂತಳು.

"ಎರಡನೇದು ಕೇಳ್ಲಾ?"

"ಕೇಳು," ಎಂದ ವಕೀಲ.